ಗೂಟದ ಲೆಕ್ಕ, ದನದ ಲೆಕ್ಕ

ಪುಸ್ತಕಕ್ಕೆ ವಿಮರ್ಶೆ ಬರೆಯೋರಿದ್ದಾರೆ, ಸಿನಿಮಾಕ್ಕೆ ಬರೆಯೋರಿದ್ದಾರೆ. ನಾನು ಈ ಸಲ ಒಂದು ಲೈಸೆನ್ಸ್ ನಿಯಮಾವಳಿಗೆ ವಿಮರ್ಶೆ ಬರೀತಿದ್ದೀನಿ. ನಗಬೇಡಿ. ಕೆಲಸಕ್ಕೆ ಸೇರಿದ ಮೇಲೆ ನೀನು ಅತಿ ಹೆಚ್ಚು ಸಲ ಓದಿದ ಬರಹ ಯಾವುದು ಅಂತ ಯಾರಾದರೂ ಕೇಳಿದರೆ ಯಾವುದಾದರೂ ಕಾದಂಬರಿಯ ಹೆಸರು ಹೇಳೋಕೆ ಆಸೆ. ಆದರೆ ನಿಜ ಹೇಳಬೇಕಂದ್ರೆ ಅದು ಮೈಕ್ರೋಸಾಫ್ಟ್‌ನವರ 'ಪ್ರಾಡಕ್ಟ್ ಟರ್ಮ್ಸ್'. ಅದರಲ್ಲೂ ವಿಂಡೋಸ್ ಸರ್ವರ್‌ಗೆ ಸಂಬಂಧಪಟ್ಟ ಭಾಗ. ವಾಲ್ಯೂಮ್ ಲೈಸೆನ್ಸ್ ಕೊಂಡ ಕಂಪನಿಗಳೆಲ್ಲ ಇದಕ್ಕೆ ಒಪ್ಪಿ ಸಹಿ ಹಾಕಿರುತ್ತವೆ. ಸಹಿ ಹಾಕಿದವರು ಓದಿರೋದಿಲ್ಲ. ಓದಬೇಕಾಗಿ ಬರೋದು ನನ್ನಂಥವರಿಗೆ, ಅದೂ ತಪ್ಪು ನಡೆದುಹೋದ ಮೇಲೆ.

ಈ ಬರಹದ ಬಗ್ಗೆ ನನಗೆ ತಕರಾರಿದೆ. ಆ ತಕರಾರಿನಲ್ಲಿ ನನ್ನದೂ ಒಂದು ತಪ್ಪು ಸೇರಿಕೊಂಡಿದೆ. ಎರಡನ್ನೂ ಹೇಳ್ತೀನಿ.

ಮೊದಲು ವಿಷಯ ಏನು ಅಂತ ಗೊತ್ತಾಗಲಿ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಎರಡು ವರ್ಷವಾದರೂ ನಾನು ಮಾಡೋ ಕೆಲಸ ಏನು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಸಂಜೆ ಕೊಟ್ಟಿಗೆ ಬಾಗಿಲಲ್ಲಿ ಕೂತು ವಿವರಿಸಿದೆ. ದೊಡ್ಡ ಸರ್ವರ್ ಅಂದರೆ ಒಂದು ಕೊಟ್ಟಿಗೆ ಅಂದ್ಕೋ ಅಪ್ಪ. ಅದರೊಳಗಿನ ಪ್ರೊಸೆಸರ್ ಕೋರ್‌ಗಳು ಗೂಟ. ಅದರ ಮೇಲೆ ಓಡೋ ವರ್ಚುವಲ್ ಮಷೀನ್‌ಗಳು ದನ. ಒಂದು ಗೂಟಕ್ಕೆ ಒಂದೇ ದನ ಅಂತೇನಿಲ್ಲ, ಹಂಚಿಕೊಂಡು ಇರ್ತವೆ. ಮೂರು ನಾಲ್ಕು ಕೊಟ್ಟಿಗೆ ಅಕ್ಕಪಕ್ಕ ಕಟ್ಟಿ ನಡುವಿನ ಗೋಡೆಗೆ ಬಾಗಿಲಿಟ್ಟರೆ ಅದು ಕ್ಲಸ್ಟರ್. ಒಂದು ಕೊಟ್ಟಿಗೆ ಸೋರೋಕೆ ಶುರುವಾದರೆ ದನಗಳು ಪಕ್ಕದ ಕೊಟ್ಟಿಗೆಗೆ ಹೋಗ್ತವೆ. ಹಾಲು ಕರೆಯೋದು ನಿಲ್ಲೋದೇ ಇಲ್ಲ.

ಅಪ್ಪ ಬೀಡಿ ಆರಿಸಿ ಕೇಳಿದ್ದು ಒಂದೇ ಪ್ರಶ್ನೆ. "ಕಂದಾಯ ಯಾವುದಕ್ಕಪ್ಪ? ಕೊಟ್ಟಿಗೆಗೋ, ದನಕ್ಕೋ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಕಂದಾಯ ಗೂಟಕ್ಕೆ.

ವಿಂಡೋಸ್ ಸರ್ವರ್ 2012 ಬಂದಾಗ ಮೈಕ್ರೋಸಾಫ್ಟ್‌ನವರು ಒಂದು ಒಳ್ಳೆ ಕೆಲಸ ಮಾಡಿದರು. ಅದಕ್ಕೆ ಮುಂಚೆ ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್, ಡೇಟಾಸೆಂಟರ್ ಅಂತ ಎಡಿಷನ್‌ಗಳಿದ್ದವು. ಒಂದರಲ್ಲಿ ಒಂದು ವಿಎಂ, ಇನ್ನೊಂದರಲ್ಲಿ ನಾಲ್ಕು, ಮತ್ತೊಂದರಲ್ಲಿ ಎಷ್ಟಾದರೂ. ಇದನ್ನೆಲ್ಲ ತೆಗೆದು ದೊಡ್ಡ ಕ್ಲಸ್ಟರ್‌ಗಳಿಗೆ ಎರಡೇ ಎಡಿಷನ್ ಉಳಿಸಿದರು. ಸ್ಟ್ಯಾಂಡರ್ಡ್ ಕೊಂಡರೆ ಒಂದು ಸರ್ವರ್ ಮೇಲೆ ಎರಡು ವಿಎಂ. ಡೇಟಾಸೆಂಟರ್ ಕೊಂಡರೆ ಎಷ್ಟು ಬೇಕಾದರೂ. ಲೆಕ್ಕ ಎರಡು ಪ್ರೊಸೆಸರ್‌ಗೆ ಒಂದು ಲೈಸೆನ್ಸ್. ಯಾರಿಗೆ ಬೇಕಾದರೂ ಬಾಯಲ್ಲೇ ಹೇಳಿ ಮುಗಿಸಬಹುದಿತ್ತು.

2016ರಲ್ಲಿ ಲೆಕ್ಕ ಪ್ರೊಸೆಸರ್‌ನಿಂದ ಕೋರ್‌ಗೆ ಬಂತು. ಅದಕ್ಕೂ ಕಾರಣ ಇತ್ತು. ಒಂದೇ ಪ್ರೊಸೆಸರ್‌ನಲ್ಲಿ ಕೋರ್‌ಗಳ ಸಂಖ್ಯೆ ಏರ್ತಾ ಹೋಗಿತ್ತು. ನಮ್ಮ ಕಡೆ ಪಂಪ್‌ಸೆಟ್‌ಗೆ ಮೀಟರ್ ಇಲ್ಲದ ಕಾಲದಲ್ಲಿ ಹೆಚ್.ಪಿ. ಲೆಕ್ಕದಲ್ಲಿ ಬಿಲ್ ಬರ್ತಿತ್ತಲ್ಲ, ಹಾಗೆ. ನೀರು ಎಷ್ಟು ಎತ್ತಿದಿರಿ ಅಂತ ಯಾರೂ ನೋಡೋದಿಲ್ಲ, ಮೋಟರ್ ಎಷ್ಟು ದೊಡ್ಡದು ಅಂತ ನೋಡ್ತಾರೆ. ಹೊಸ ನಿಯಮದ ಪ್ರಕಾರ ಸರ್ವರ್‌ನಲ್ಲಿರುವ ಎಲ್ಲ ಫಿಸಿಕಲ್ ಕೋರ್‌ಗೂ ಲೈಸೆನ್ಸ್ ಬೇಕು. ಒಂದು ಪ್ರೊಸೆಸರ್‌ಗೆ ಕನಿಷ್ಠ 8, ಒಂದು ಸರ್ವರ್‌ಗೆ ಕನಿಷ್ಠ 16. ನಿಮ್ಮ ಹತ್ತಿರ ನಾಲ್ಕೇ ಕೋರ್ ಇರುವ ಪುಟ್ಟ ಸರ್ವರ್ ಇದ್ದರೂ 16ಕ್ಕೇ ಕಟ್ಟಬೇಕು. ಹೈಪರ್‌ಥ್ರೆಡಿಂಗ್‌ನಿಂದ ಎರಡೆರಡಾಗಿ ಕಾಣೋದನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ, ಅಷ್ಟು ಕರುಣೆ ಇದೆ.

ಇಲ್ಲಿ ಬಹಳ ಜನ ಮೊದಲ ಸಲ ಎಡವ್ತಾರೆ. "ಹೋಸ್ಟ್ ಮೇಲೆ ಇರೋದು ವಿಎಂವೇರ್ ಇಎಸ್‌ಎಕ್ಸ್‌ಐ, ವಿಂಡೋಸ್ ಅಲ್ವಲ್ಲ. ಹೋಸ್ಟ್‌ಗೆ ಯಾಕೆ ವಿಂಡೋಸ್ ಲೈಸೆನ್ಸ್?" ಅಂತ ಕೇಳ್ತಾರೆ. ಕೇಳೋದರಲ್ಲಿ ತಪ್ಪಿಲ್ಲ. ಆದರೆ ಈ ಬರಹದ ಕಥಾನಾಯಕ ವಿಎಂ ಅಲ್ಲ, 'ಲೈಸೆನ್ಸ್ಡ್ ಸರ್ವರ್'. ಅಂದರೆ ಕಬ್ಬಿಣದ ಡಬ್ಬ. ಅದರ ಮೇಲೆ ಇಎಸ್‌ಎಕ್ಸ್‌ಐ ಇರಲಿ, ಕೆವಿಎಂ ಇರಲಿ, ಹೈಪರ್-ವಿ ಇರಲಿ, ಒಳಗೆ ಒಂದು ವಿಂಡೋಸ್ ಸರ್ವರ್ ವಿಎಂ ಓಡಿದರೆ ಡಬ್ಬದ ಕೋರ್‌ಗಳೆಲ್ಲ ಲೆಕ್ಕಕ್ಕೆ ಬಂದವು.

ವಿಮರ್ಶೆ ಅಂದಮೇಲೆ ಒಂದೆರಡು ಪದ ಹಿಡಿದು ನೋಡಬೇಕು. ಈ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ ಪದ 'ಅಸೈನ್'. ಲೈಸೆನ್ಸನ್ನು ನೀವು ಒಂದು ಸರ್ವರ್‌ಗೆ ಅಸೈನ್ ಮಾಡಬೇಕು ಅನ್ನುತ್ತದೆ. ಎಲ್ಲಿ ಮಾಡೋದು? ಯಾವ ಸ್ಕ್ರೀನ್‌ನಲ್ಲಿ? ಎಲ್ಲೂ ಇಲ್ಲ. ಅಸೈನ್ ಅನ್ನೋದು ನೀವು ನಿಮ್ಮ ಕಡತದಲ್ಲಿ ಬರೆದಿಟ್ಟುಕೊಳ್ಳುವ ಒಂದು ಸಾಲು ಅಷ್ಟೇ. ಸರ್ವರ್‌ಗೆ ಅದು ಗೊತ್ತಿಲ್ಲ, ವಿಎಂಗೆ ಗೊತ್ತಿಲ್ಲ, ಕ್ಲಸ್ಟರ್‌ಗಂತೂ ಗೊತ್ತೇ ಇಲ್ಲ. ಆದರೆ ಹಾಗೆ ಬರೆದ ಸಾಲಿಗೆ ಒಂದು ಗಂಟು ಇದೆ. ಒಂದು ಸರ್ವರ್‌ಗೆ ಅಸೈನ್ ಮಾಡಿದ ಲೈಸೆನ್ಸನ್ನು ಇನ್ನೊಂದಕ್ಕೆ ಬದಲಾಯಿಸಬೇಕಾದರೆ 90 ದಿನ ಕಾಯಬೇಕು. ಹಾರ್ಡ್‌ವೇರ್ ಪೂರ್ತಿ ಕೆಟ್ಟು ಮೂಲೆ ಸೇರಿದರೆ ಮಾತ್ರ ವಿನಾಯಿತಿ.

ಈಗ ಕ್ಲಸ್ಟರ್ ನೋಡಿ. ಓಡ್ತಾ ಇರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಹೋಸ್ಟ್‌ಗೆ ಸಾಗಿಸುವ ವಿಮೋಷನ್ ಅನ್ನು ವಿಎಂವೇರ್ ತಂದದ್ದು 2003ರಲ್ಲಿ. ಆಮೇಲೆ ಡಿಆರ್‌ಎಸ್ ಬಂತು. ಯಾವ ಹೋಸ್ಟ್ ಮೇಲೆ ಭಾರ ಹೆಚ್ಚಾಗಿದೆ ಅಂತ ಅದೇ ನೋಡಿ, ಅದೇ ವಿಎಂಗಳನ್ನು ಎತ್ತಿ ಪಕ್ಕಕ್ಕೆ ಇಡುತ್ತದೆ. ಯಾರನ್ನೂ ಕೇಳೋದಿಲ್ಲ. ರಾತ್ರಿ ಎರಡು ಗಂಟೆಗೆ ಒಂದು ವಿಎಂ ಎ ಹೋಸ್ಟ್‌ನಿಂದ ಬಿ ಹೋಸ್ಟ್‌ಗೆ ಹೋಗಿ ನಾಲ್ಕು ಗಂಟೆಗೆ ವಾಪಸ್ ಬಂದಿರಬಹುದು. ಲೈಸೆನ್ಸ್ 90 ದಿನಕ್ಕೆ ಒಂದು ಹೆಜ್ಜೆ ಇಡ್ತದೆ, ವಿಎಂ ಒಂದು ರಾತ್ರಿಯಲ್ಲಿ ನಾಲ್ಕು ಸಲ ಓಡಾಡ್ತದೆ. ಎಸ್‌ಕ್ಯೂಎಲ್ ಸರ್ವರ್‌ನಂಥ ಅಪ್ಲಿಕೇಶನ್‌ಗಳಿಗೆ 'ಲೈಸೆನ್ಸ್ ಮೊಬಿಲಿಟಿ' ಅಂತ ಒಂದು ಸೌಲಭ್ಯ ಇದೆ, ಸಾಫ್ಟ್‌ವೇರ್ ಅಶ್ಯೂರೆನ್ಸ್ ಕೊಂಡವರಿಗೆ. ಹೀಗೆ ಕಬ್ಬಿಣಕ್ಕೆ ಅಸೈನ್ ಮಾಡಿದ ವಿಂಡೋಸ್ ಸರ್ವರ್‌ಗೆ ಆ ಸೌಲಭ್ಯ ಸಿಗೋದಿಲ್ಲ.

ಹಾಗಾದರೆ ನಿಯಮ ಪಾಲಿಸೋದು ಹೇಗೆ? ಪ್ರತಿ ಹೋಸ್ಟ್‌ನಲ್ಲೂ, ಅದರ ಮೇಲೆ ಯಾವತ್ತಾದರೂ ಒಂದೇ ಹೊತ್ತಿಗೆ ಇರಬಹುದಾದ ಅತಿ ಹೆಚ್ಚು ವಿಂಡೋಸ್ ವಿಎಂಗಳಿಗೆ ಸಾಕಾಗುವಷ್ಟು ಲೈಸೆನ್ಸ್ ಇಡಬೇಕು. ಹೇಳೋದು ಸುಲಭ. ಒಂದು ಲೆಕ್ಕ ಹಾಕೋಣ, ಸ್ವಲ್ಪ ತಾಳ್ಮೆಯಿಂದ ಓದಿ. ಬೆಲೆ ವಿಂಡೋಸ್ ಸರ್ವರ್ 2022ರ ಪಟ್ಟಿ ಬೆಲೆ. 16 ಕೋರ್‌ನ ಸ್ಟ್ಯಾಂಡರ್ಡ್‌ಗೆ 1,069 ಡಾಲರ್, ಡೇಟಾಸೆಂಟರ್‌ಗೆ 6,155 ಡಾಲರ್.

ನಾಲ್ಕು ಹೋಸ್ಟ್ ಇವೆ. ಪ್ರತಿಯೊಂದರಲ್ಲೂ 16 ಕೋರ್‌ನ ಎರಡು ಪ್ರೊಸೆಸರ್, ಅಂದರೆ 32 ಕೋರ್. ಒಟ್ಟು 24 ವಿಂಡೋಸ್ ವಿಎಂ. ಎಲ್ಲವೂ ಸಮನಾಗಿ ಹಂಚಿಕೊಂಡು ನಿಂತರೆ ಹೋಸ್ಟ್‌ಗೆ ಆರು. ಸ್ಟ್ಯಾಂಡರ್ಡ್‌ನಲ್ಲಿ ಎಲ್ಲ ಕೋರ್‌ಗೆ ಒಂದು ಸುತ್ತು ಕಟ್ಟಿದರೆ ಎರಡು ವಿಎಂ. ಆರು ವಿಎಂಗೆ ಅದೇ 32 ಕೋರ್‌ಗೆ ಮೂರು ಸುತ್ತು ಕಟ್ಟಬೇಕು. ನಾಲ್ಕೂ ಹೋಸ್ಟ್ ಸೇರಿ 25,656 ಡಾಲರ್. ಬಹಳ ಕಂಪನಿಗಳು ಇಷ್ಟನ್ನೇ ಕೊಂಡು ಕೂತಿರ್ತವೆ.

ಒಂದು ಹೋಸ್ಟ್ ಬಿದ್ದರೆ? 24 ವಿಎಂ ಮೂರರ ಮೇಲೆ, ಹೋಸ್ಟ್‌ಗೆ ಎಂಟು. ಯಾವ ಹೋಸ್ಟ್ ಬೀಳ್ತದೆ ಅಂತ ಮೊದಲೇ ಗೊತ್ತಿಲ್ಲವಾದ್ದರಿಂದ ನಾಲ್ಕಕ್ಕೂ ನಾಲ್ಕು ಸುತ್ತು. 34,208 ಡಾಲರ್. ಎರಡು ಹೋಸ್ಟ್ ಬಿದ್ದರೂ ನಡೀಬೇಕು ಅಂದರೆ ಹೋಸ್ಟ್‌ಗೆ ಹನ್ನೆರಡು, ಆರು ಸುತ್ತು, 51,312 ಡಾಲರ್. ಅಷ್ಟೊತ್ತಿಗೆ ನಾಲ್ಕೂ ಹೋಸ್ಟ್‌ಗೆ ಡೇಟಾಸೆಂಟರ್ ಕೊಂಡಿದ್ದರೆ 49,240 ಡಾಲರ್‌ಗೆ ಮುಗೀತಿತ್ತು. ಆಮೇಲೆ ವಿಎಂ ಎಲ್ಲಿ ಓಡಾಡಿದರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಹೋಸ್ಟ್ ಮೇಲೆ ಹನ್ನೊಂದನೇ ವಿಎಂ ಬರುತ್ತಿದ್ದ ಹಾಗೇ ಡೇಟಾಸೆಂಟರ್ ಅಗ್ಗ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಅರ್ಧ ಸಮಸ್ಯೆ ಕಡಿಮೆ. ಜೊತೆಗೆ ಬಳಕೆದಾರರ ಲೆಕ್ಕದ ಕ್ಯಾಲ್ ಬೇರೆ ಇದೆ, ಅದನ್ನ ಮರೆಯೋರೂ ಇದ್ದಾರೆ.

ಲೆಕ್ಕ ಕಷ್ಟದ್ದೇನಲ್ಲ, ಐದನೇ ಕ್ಲಾಸಿನ ಗುಣಾಕಾರ. ನನ್ನ ತಕರಾರು ಇರೋದು ಇಲ್ಲಿ. 25,656 ಡಾಲರ್ ಕಟ್ಟಿದವನ ಕ್ಲಸ್ಟರ್‌ಗೂ 49,240 ಕಟ್ಟಿದವನ ಕ್ಲಸ್ಟರ್‌ಗೂ ನೋಡೋಕೆ ಏನೂ ವ್ಯತ್ಯಾಸ ಇಲ್ಲ. ಎರಡೂ ಒಂದೇ ಥರ ಓಡ್ತವೆ. ತಪ್ಪಾದಾಗ ಕೆಂಪು ದೀಪ ಹತ್ತೋದಿಲ್ಲ. ಕಂಪನಿಗಳಲ್ಲಿ ವಿಂಡೋಸ್ ಆಕ್ಟಿವೇಟ್ ಮಾಡೋಕೆ ಕೆಎಂಎಸ್ ಅಂತ ಒಂದು ಸರ್ವಿಸ್ ಇಡ್ತಾರೆ. ಅದಕ್ಕೆ ಕನಿಷ್ಠ ಐದು ಸರ್ವರ್ ಬಂದು ಬಾಗಿಲು ತಟ್ಟಬೇಕು, ಆಮೇಲೆ ಐದು ನೂರು ಬಂದರೂ ಎಲ್ಲಕ್ಕೂ 180 ದಿನದ ಚೀಟಿ ಬರೆದು ಕೊಡ್ತದೆ, ಚೀಟಿ ನವೀಕರಿಸ್ತಾನೇ ಇರ್ತದೆ. ನೀವು ಎಷ್ಟು ಕೊಂಡಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ವಿಎಂ ಯಾವ ಹೋಸ್ಟ್ ಮೇಲೆ ಕೂತಿದೆ ಅಂತಾನೂ ಕೇಳೋದಿಲ್ಲ. ಆಕ್ಟಿವೇಟ್ ಆಯ್ತು ಅಂದ್ರೆ ಲೈಸೆನ್ಸ್ ಸರಿ ಇದೆ ಅಂತ ನಂಬಿ ಮೋಸ ಹೋದ ಅಡ್ಮಿನ್‌ಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಮೊದಲನೆಯವನು ನಾನೇ.

ಈಗ ನನ್ನ ತಪ್ಪಿನ ಕಥೆ.

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಮೂರು ಹೋಸ್ಟ್‌ಗಳ ಚಿಕ್ಕ ಕ್ಲಸ್ಟರ್ ಇತ್ತು. 12 ವಿಂಡೋಸ್ ವಿಎಂ. ಹೋಸ್ಟ್‌ಗೆ ನಾಲ್ಕರಂತೆ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಂಡಿದ್ದರು. ಕ್ಲಸ್ಟರ್ ಕಟ್ಟಿದವನು ನಾನು. ಡಿಆರ್‌ಎಸ್ ಅನ್ನು 'ಫುಲ್ಲಿ ಆಟೊಮೇಟೆಡ್' ಅಂತ ಇಟ್ಟವನೂ ನಾನೇ. ಎಲ್ಲರೂ ಹಾಗೇ ಇಡ್ತಾರೆ, ನಾನೂ ಇಟ್ಟೆ. ವರ್ಷಕ್ಕೊಂದು ಸಲ ಎಕ್ಸೆಲ್ ಶೀಟ್ ತುಂಬಿ ಕಳಿಸಬೇಕಿತ್ತು. ಆ ದಿನ ವಿಸೆಂಟರ್ ತೆಗೆದು ನೋಡಿದೆ, ನಾಲ್ಕು, ನಾಲ್ಕು, ನಾಲ್ಕು. ಹಾಗೇ ಬರೆದು ಕಳಿಸಿದೆ. ಅದು ಸುಳ್ಳಲ್ಲ. ಆದರೆ ಆ ಗಳಿಗೆಗೆ ಮಾತ್ರ ನಿಜ.

ಎರಡು ವಾರ ಬಿಟ್ಟು ಲೆಕ್ಕ ತಪಾಸಣೆಗೆ ಹೊರಗಿನಿಂದ ಜನ ಬಂದರು. ಅವರು ಬರುವ ಹಿಂದಿನ ರಾತ್ರಿ ಒಂದು ಹೋಸ್ಟ್‌ಗೆ ಫರ್ಮ್‌ವೇರ್ ಅಪ್‌ಡೇಟ್ ಇತ್ತು. ನೈಟ್ ಶಿಫ್ಟ್‌ನಲ್ಲಿದ್ದವನು ಹಾವೇರಿ ಕಡೆ ಹುಡುಗ, ಕಾಂಟ್ರಾಕ್ಟ್ ಮೇಲೆ ಸೇರಿ ಎಂಟು ತಿಂಗಳಾಗಿತ್ತು. ಪ್ರೊಸೀಜರ್ ಪ್ರಕಾರ ಹೋಸ್ಟನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿದ. ಡಿಆರ್‌ಎಸ್ ತನ್ನ ಕೆಲಸ ಮಾಡಿತು. ಅಪ್‌ಡೇಟ್ ಅರ್ಧಕ್ಕೆ ನಿಂತು ಹೋಸ್ಟ್ ಬೆಳಗಿನವರೆಗೂ ಏಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅವರು ಪಟ್ಟಿ ತೆಗೆದಾಗ ಎರಡು ಹೋಸ್ಟ್ ಮೇಲೆ ಆರಾರು ವಿಎಂ. ಶೀಟ್‌ನಲ್ಲಿ ನಾಲ್ಕು. ಅಷ್ಟೇ ಸಾಕಾಯ್ತು.

ಕಂಪನಿ ಎಷ್ಟು ಕಟ್ಟಿತು ಅಂತ ನನಗೆ ಯಾರೂ ಹೇಳಲಿಲ್ಲ. ಒಳಗೆ ತಿರುಗಾಡಿದ ಮೇಲ್‌ನಲ್ಲಿ ಮಾತ್ರ ಕಾರಣ ಸ್ಪಷ್ಟವಾಗಿತ್ತು: ರಾತ್ರಿ ಪಾಳಿಯವರು ಅನುಮತಿ ಇಲ್ಲದೆ ವಿಎಂಗಳನ್ನು ಸ್ಥಳಾಂತರಿಸಿದ್ದಾರೆ. ಹುಡುಗ ನನ್ನ ಕ್ಯೂಬಿಕಲ್ ಹತ್ತಿರ ಬಂದು ನಿಂತ. "ಸರ್, ನಾ ಯಾವ್ದೂ ಮೂವ್ ಮಾಡಿಲ್ರಿ. ಮೇಂಟೆನೆನ್ಸ್ ಮೋಡ್‌ಗೆ ಹಾಕೀನಿ ಅಷ್ಟೇ ರೀ. ನಿಮಗ ಗೊತ್ತೈತಲ್ರಿ?" ಅಂದ. ನನಗೆ ಗೊತ್ತಿತ್ತು. "ನೋಡ್ತೀನಿ ಇರಪ್ಪ, ಮ್ಯಾನೇಜರ್ ಹತ್ರ ಮಾತಾಡ್ತೀನಿ" ಅಂದೆ. ಮಾತಾಡಲಿಲ್ಲ. ಆಗಷ್ಟೇ ಮನೆ ಸಾಲ ತಗೊಂಡಿದ್ದೆ. ಡಿಆರ್‌ಎಸ್ ಆನ್ ಮಾಡಿದ್ದು ಯಾರು ಅನ್ನೋ ಪ್ರಶ್ನೆ ಬರೋದು ಬೇಡ ಅಂತ ಸುಮ್ಮನಿದ್ದೆ. ಆ ತಿಂಗಳ ಕೊನೆಗೆ ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ.

ಅವತ್ತಿನಿಂದ ನಾನು ಈ ನಿಯಮಾವಳಿಯನ್ನ ಸಾಲು ಸಾಲಾಗಿ ಓದೋಕೆ ಶುರು ಮಾಡಿದ್ದು. ಅದಕ್ಕೇ ಈ ಬರಹದ ಮೇಲಿನ ನನ್ನ ವಿಮರ್ಶೆ ನಿಷ್ಪಕ್ಷಪಾತ ಅಂತ ಹೇಳಿಕೊಳ್ಳೋದಿಲ್ಲ.

ಆದರೂ ಅದರ ಪರವಾಗಿ ಹೇಳಬೇಕಾದ ಮಾತನ್ನು ಹೇಳಿಬಿಡ್ತೀನಿ. ಕೋರ್ ಎಣಿಸೋದರಲ್ಲಿ ಒಂದು ನ್ಯಾಯ ಇದೆ. ಕಬ್ಬಿಣ ಸುಳ್ಳು ಹೇಳೋದಿಲ್ಲ. ವಿಎಂ ಇವತ್ತು ಇದೆ, ನಾಳೆ ಅಳಿಸಿದರೆ ಇಲ್ಲ. ಕೊಟ್ಟಿಗೆಯಲ್ಲಿ ಎಷ್ಟು ಗೂಟ ಇದೆ ಅಂತ ಯಾರು ಬಂದು ಎಣಿಸಿದರೂ ಅಷ್ಟೇ ಇರ್ತದೆ. ಸಾಫ್ಟ್‌ವೇರ್ ಬರೆದವನಿಗೂ ದುಡ್ಡು ಬರಬೇಕು. ನಾನೂ ಸಾಫ್ಟ್‌ವೇರ್ ಬರೆದೇ ಅನ್ನ ತಿನ್ನೋನು.

ಇನ್ನೂ ಕಠಿಣವಾದ ನಿಯಮಗಳೂ ಇವೆ. ಒರಾಕಲ್‌ನವರ ಡೇಟಾಬೇಸ್ ತಗೊಳ್ಳಿ. ವಿಎಂವೇರ್ ಮೂಲಕ ಸರ್ವರನ್ನು ಭಾಗ ಮಾಡೋದನ್ನ ಅವರು 'ಸಾಫ್ಟ್ ಪಾರ್ಟಿಷನಿಂಗ್' ಅಂತ ಕರೆದು, ಲೈಸೆನ್ಸ್ ಕಡಿಮೆ ಮಾಡೋಕೆ ಅದನ್ನ ಒಪ್ಪೋದಿಲ್ಲ. ಮೈಕ್ರೋಸಾಫ್ಟ್ ಕೇಳೋದು ದನ ಎಲ್ಲಿ ನಿಂತಿತ್ತು ಅಂತ. ಒರಾಕಲ್ ಕೇಳೋದು ದನ ಎಲ್ಲೆಲ್ಲಿಗೆ ಹೋಗಬಹುದಿತ್ತು ಅಂತ. ತಮಾಷೆ ಅಂದ್ರೆ, ಇದನ್ನು ಹೇಳುವ ಅವರ ದಸ್ತಾವೇಜಿನಲ್ಲೇ ಇದು ತಿಳಿವಳಿಕೆಗಾಗಿ ಮಾತ್ರ, ಒಪ್ಪಂದದ ಭಾಗವಲ್ಲ ಅಂತ ಬರೆದಿದೆ. 2015ರಲ್ಲಿ ಮಾರ್ಸ್ ಅನ್ನೋ ಚಾಕೊಲೇಟ್ ಕಂಪನಿ ಇದೇ ಥರದ ತಗಾದೆ ಹಿಡಿದು ಕ್ಯಾಲಿಫೋರ್ನಿಯಾದಲ್ಲಿ ಒರಾಕಲ್ ಮೇಲೆ ಕೋರ್ಟಿಗೆ ಹೋಯಿತು. ತೀರ್ಪಿನ ತನಕ ಬರದೆ ಅವರವರಲ್ಲೇ ಮುಗಿದುಹೋಯ್ತು. ಉಳಿದವರಿಗೆ ಉತ್ತರ ಸಿಗಲಿಲ್ಲ.

ಇವರಿಗೆ ಹೋಲಿಸಿದರೆ ಮೈಕ್ರೋಸಾಫ್ಟ್ ಸಭ್ಯಸ್ಥರೇ. ಹಾಗಂತ ಸುಮ್ಮನಿರೋಕೆ ಆಗಲ್ಲ. ಯಾಕಂದ್ರೆ ವಿಎಂ ಮತ್ತು ಹೋಸ್ಟ್ ನಡುವಿನ ಸಂಬಂಧವನ್ನ ಸಾಫ್ಟ್‌ವೇರ್ ತಾನೇ ನೋಡಿಕೊಳ್ಳುವಂತೆ ಮಾಡೋದು ಅಸಾಧ್ಯದ ಕೆಲಸವೇನಲ್ಲ. ರೆಡ್ ಹ್ಯಾಟ್‌ನವರ ಹತ್ತಿರ 'ವಿರ್ಟ್-ಹೂ' ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ. ಯಾವ ಲಿನಕ್ಸ್ ವಿಎಂ ಯಾವ ಹೋಸ್ಟ್ ಮೇಲೆ ಕೂತಿದೆ ಅಂತ ಆಗಾಗ ನೋಡಿ ವರದಿ ಮಾಡೋದೇ ಅದರ ಕೆಲಸ. ಮೈಕ್ರೋಸಾಫ್ಟ್‌ನವರೂ 2012 ಆರ್2ನಲ್ಲಿ ಎವಿಎಂಎ ಅಂತ ತಂದರು. ಡೇಟಾಸೆಂಟರ್ ಹೈಪರ್-ವಿ ಹೋಸ್ಟ್ ತನ್ನ ಮೇಲೆ ಕೂತ ವಿಎಂಗಳನ್ನು ತಾನೇ ಆಕ್ಟಿವೇಟ್ ಮಾಡ್ತದೆ. ಅಂದರೆ ದಾರಿ ಗೊತ್ತಿದೆ. ಆದರೆ ಡೇಟಾಸೆಂಟರ್ ಕೊಂಡವನಿಗೆ ಓಡಾಟದ ಭಯವೇ ಇಲ್ಲ. ಭಯ ಇರುವವನು ಸ್ಟ್ಯಾಂಡರ್ಡ್ ಕೊಂಡವನು, ಚಿಕ್ಕ ಕಂಪನಿಯವನು. ಅವನ ಬಾಗಿಲಿಗೆ ಗಂಟೆ ಕಟ್ಟೋರು ಯಾರೂ ಇಲ್ಲ. ತಪ್ಪು ಮಾಡೋಕೆ ಬಿಟ್ಟು, ಆಮೇಲೆ ಬಂದು ಎಣಿಸೋ ನಿಯಮ ಒಳ್ಳೆ ನಿಯಮ ಅಂತ ನನಗೆ ಅನ್ನಿಸೋದಿಲ್ಲ.

2022ರ ಅಕ್ಟೋಬರ್‌ನಲ್ಲಿ ಈ ಬರಹಕ್ಕೆ ಒಂದು ದೊಡ್ಡ ತಿದ್ದುಪಡಿ ಬಂತು. ಸಾಫ್ಟ್‌ವೇರ್ ಅಶ್ಯೂರೆನ್ಸ್ ಅಥವಾ ಸಬ್‌ಸ್ಕ್ರಿಪ್ಷನ್ ಇದ್ದವರು ಹೋಸ್ಟ್ ಬಿಟ್ಟು ವಿಎಂನ ವರ್ಚುವಲ್ ಕೋರ್ ಲೆಕ್ಕದಲ್ಲೇ ಲೈಸೆನ್ಸ್ ಕಟ್ಟಬಹುದು. ಒಂದು ವಿಎಂಗೆ ಕನಿಷ್ಠ 8 ಕೋರ್, ಒಬ್ಬ ಗ್ರಾಹಕನಿಗೆ ಕನಿಷ್ಠ 16. ಅಪ್ಪನ ಭಾಷೆಯಲ್ಲಿ ಹೇಳೋದಾದ್ರೆ ಕಂದಾಯ ಕೊನೆಗೂ ಗೂಟದಿಂದ ದನಕ್ಕೆ ಬಂತು. ಮೇಲಿನ 24 ವಿಎಂಗಳು ತಲಾ 8 ಕೋರ್ ಒಳಗಿದ್ದರೆ 192 ಕೋರ್, ಅಂದರೆ 12,828 ಡಾಲರ್, ಮೇಲೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಖರ್ಚು ಬೇರೆ. ವಿಮೋಷನ್ ಬಂದು 19 ವರ್ಷ ಆದ ಮೇಲೆ ನಿಯಮಕ್ಕೆ ವಿಎಂ ಕಣ್ಣಿಗೆ ಬಿತ್ತು. ಬಂದದ್ದು ಒಳ್ಳೇದೇ. ಆದರೆ ಗಮನಿಸಿ, ಈ ದಾರಿ ಇರೋದು ಮತ್ತೆ ಮತ್ತೆ ಹಣ ಕಟ್ಟುವವರಿಗೆ. ಒಂದೇ ಸಲ ದುಡ್ಡು ಕೊಟ್ಟು ಕೊಂಡ ಚಿಕ್ಕ ಕಂಪನಿ ಇನ್ನೂ ಗೂಟ ಎಣಿಸ್ತಾನೇ ಇದೆ.

ಇದರಿಂದ ತಪ್ಪಿಸಿಕೊಳ್ಳೋಕೆ ಲಿನಕ್ಸ್‌ಗೆ ಹೋಗಿ ಅಂತ ಗೆಳೆಯರು ಹೇಳ್ತಾರೆ. ಹೋಗಬಹುದಾದ ಕಡೆ ಖಂಡಿತ ಹೋಗಿ. ಡೆಬಿಯನ್ ಹಾಕಿದರೆ ಕೋರ್ ಎಣಿಸೋ ಗೋಜೇ ಇಲ್ಲ. ಆದರೆ ಉಚಿತ ಅನ್ನೋದೂ ಶಾಶ್ವತ ಅಲ್ಲ. 2020ರ ಡಿಸೆಂಬರ್ 8ರಂದು ಸೆಂಟ್‌ಓಎಸ್ ಲಿನಕ್ಸ್ 8 ಮುಂದಿನ ವರ್ಷದ ಕೊನೆಗೇ ನಿಲ್ಲುತ್ತೆ ಅಂತ ಪ್ರಕಟಣೆ ಬಂತು. 2029ರವರೆಗೆ ಬರ್ತದೆ ಅಂತ ನಂಬಿ ಅದರ ಮೇಲೆ ಕ್ಲಸ್ಟರ್ ಕಟ್ಟಿದ್ದವರು ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ಅಂತ ಓಡಬೇಕಾಯ್ತು. ಕೊಟ್ಟಿಗೆ ಕಟ್ಟಿಕೊಡುವ ವಿಎಂವೇರ್ ಕಥೆಯೂ ಅಷ್ಟೇ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು, ಡಿಸೆಂಬರ್‌ನಲ್ಲಿ ಶಾಶ್ವತ ಲೈಸೆನ್ಸ್ ಮಾರೋದು ನಿಂತಿತು. ಈಗ ಅಲ್ಲೂ ಕೋರ್ ಲೆಕ್ಕ, ಪ್ರೊಸೆಸರ್‌ಗೆ ಕನಿಷ್ಠ 16. ಬಹಳ ಜನ ಪ್ರಾಕ್ಸ್‌ಮಾಕ್ಸ್‌ಗೋ ಹೈಪರ್-ವಿಗೋ ಹೊರಟಿದ್ದಾರೆ. ಹೋಗುವವರಿಗೆ ಒಂದು ಮಾತು. ಹೈಪರ್‌ವೈಸರ್ ಬದಲಾದರೂ ವಿಂಡೋಸ್‌ನ ಗೂಟದ ಲೆಕ್ಕ ಬದಲಾಗೋದಿಲ್ಲ. ಹೊಸ ಸರ್ವರ್ ತಗೊಂಡು ಹೆಚ್ಚು ಕೋರ್ ಬಂದರೆ ಹಳೇ ಲೈಸೆನ್ಸ್ ಸಾಲದೇ ಹೋಗಬಹುದು. ಸಾಗಿಸೋ ದಿನಗಳಲ್ಲಿ 90 ದಿನದ ಗಂಟೂ ಇದೆ.

ನಿಯಮವನ್ನು ಇಷ್ಟು ಬೈದ ಮೇಲೆ ನಮ್ಮನ್ನೂ ಒಂಚೂರು ಬೈಕೋಬೇಕು. ನಮ್ಮಲ್ಲಿ ಬಹಳ ಜನ ವಿಂಡೋಸ್ ಕಲಿತದ್ದು ಎಸ್.ಪಿ. ರೋಡಿನ ನಕಲಿ ಸಿಡಿಯಿಂದ. ಹಾಸ್ಟೆಲ್‌ನಲ್ಲಿ ಒಬ್ಬ ತಂದರೆ ಇಡೀ ಫ್ಲೋರ್‌ಗೆ ಆಗ್ತಿತ್ತು. ದುಡ್ಡಿರಲಿಲ್ಲ, ಕಲೀಬೇಕಿತ್ತು, ಅದನ್ನ ನಾನು ದೊಡ್ಡ ಪಾಪ ಅಂತ ಹೇಳೋದಿಲ್ಲ. ಆದರೆ ಲೈಸೆನ್ಸ್ ಅಂದರೆ ಯಾರೋ ಕೇಳಿದಾಗ ತೋರಿಸೋ ಚೀಟಿ, ಅಲ್ಲೀತನಕ 'ನಡೀತದೆ ಬಿಡಿ' ಅನ್ನೋ ಬುದ್ಧಿ ಅಲ್ಲೇ ಬೆಳೀತು. ಅದೇ ಬುದ್ಧಿ ಇಟ್ಟುಕೊಂಡು ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳಲ್ಲಿ ಕೂತಿದ್ದೇವೆ. ಕೊಳ್ಳೋ ತೀರ್ಮಾನ ಮೇಲಿನವರದು, ಉಳಿತಾಯದ ಹೊಗಳಿಕೆ ಮಧ್ಯದವರದು, ತಪ್ಪು ಮಾತ್ರ ರಾತ್ರಿ ಪಾಳಿಯವರದು. ಮೈಕ್ರೋಸಾಫ್ಟ್‌ನ ನಿಯಮದಲ್ಲಿ ಹೀಗೆ ಮಾಡಿ ಅಂತ ಎಲ್ಲೂ ಬರೆದಿಲ್ಲ. ಅದನ್ನು ಸೇರಿಸಿಕೊಂಡದ್ದು ನಾವು.

ಹಾಗಾಗಿ ನಾನು ಈಗ ಪಾಲಿಸೋದು ಇಷ್ಟು. ಕ್ಲಸ್ಟರ್‌ನ ಮೊದಲ ಮೀಟಿಂಗ್‌ನಲ್ಲೇ, ಸರ್ವರ್ ಆರ್ಡರ್ ಮಾಡೋಕೆ ಮುಂಚೆ, ಎರಡು ಹೋಸ್ಟ್ ಬಿದ್ದರೆ ಒಂದೊಂದರ ಮೇಲೆ ಎಷ್ಟು ವಿಂಡೋಸ್ ವಿಎಂ ಅಂತ ಕೇಳ್ತೀನಿ. ಹತ್ತು ದಾಟಿದರೆ ಡೇಟಾಸೆಂಟರ್, ಇಲ್ಲವೇ ವಿಎಂ ಲೆಕ್ಕದ ಹೊಸ ದಾರಿ. ದುಡ್ಡಿಲ್ಲ ಅಂದರೆ ವಿಂಡೋಸ್ ವಿಎಂಗಳನ್ನೆಲ್ಲ ಎರಡೋ ಮೂರೋ ಹೋಸ್ಟ್‌ಗೆ ಸೀಮಿತ ಮಾಡಿ ಆ ಹೋಸ್ಟ್‌ಗಳಿಗೆ ಮಾತ್ರ ಪೂರ್ತಿ ಲೈಸೆನ್ಸ್. ಡಿಆರ್‌ಎಸ್‌ನಲ್ಲಿ 'ಮಸ್ಟ್ ರನ್' ನಿಯಮ ಹಾಕ್ತೀನಿ, 'ಶುಡ್ ರನ್' ಅಲ್ಲ. ಶುಡ್ ಅಂದರೆ ಆದರೆ ಮಾಡು ಅಂತ, ಕಷ್ಟ ಬಂದಾಗ ಕ್ಲಸ್ಟರ್ ಅದನ್ನ ದಾಟಿ ಹೋಗ್ತದೆ. ಯಾವ ಲೈಸೆನ್ಸ್ ಯಾವ ಸರ್ವರ್‌ಗೆ, ಯಾವ ತಾರೀಖು, ಬರೆದವರು ಯಾರು, ಈ ಮೂರು ಕಾಲಂ ಇರುವ ಶೀಟ್ ಒಂದು ಇರ್ತದೆ. ಕೊನೆಯ ಕಾಲಂನಲ್ಲಿ ನನ್ನ ಹೆಸರು ಬರೀತೀನಿ. ಬಾಸ್ ಕಡೆಯಿಂದಲೂ ಸಹಿ ತಗೋತೀನಿ. ಮೇಂಟೆನೆನ್ಸ್ ಪ್ರೊಸೀಜರ್‌ನ ಮೊದಲ ಸಾಲಿನಲ್ಲೇ, ಈ ಹೋಸ್ಟ್ ಖಾಲಿ ಮಾಡಿದರೆ ವಿಎಂಗಳು ಎಲ್ಲಿಗೆ ಹೋಗ್ತವೆ, ಅದಕ್ಕೆ ಲೈಸೆನ್ಸ್ ಇದೆಯಾ ಅಂತ ಬರೆದಿಡ್ತೀನಿ. ರಾತ್ರಿ ಎರಡು ಗಂಟೆಗೆ ಕೆಲಸ ಮಾಡೋನು ಲೈಸೆನ್ಸ್ ಪುಸ್ತಕ ಓದಬೇಕಾಗಿ ಬರಬಾರದು.

ಆ ಹುಡುಗನನ್ನ ಆಮೇಲೆ ಹುಡುಕಿ ಫೋನ್ ಮಾಡಿದೆ, ವರ್ಷದ ಮೇಲಾಗಿತ್ತು. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ ಅಂದ. ಅವತ್ತಿನದು ನನ್ನ ತಪ್ಪು, ಡಿಆರ್‌ಎಸ್ ಹಾಕಿದ್ದು ನಾನು, ನಾನು ಹೇಳಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ರಿ ಸರ್. ಅವಾಗ ಹೇಳಿದ್ರ ಛಲೋ ಇತ್ತು" ಅಂದ. ನಾನು ಓದಿದ ವಿಮರ್ಶೆಗಳಲ್ಲೆಲ್ಲ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಅಪ್ಪನಿಗೂ ಉತ್ತರ ಹೇಳಿದೆ, ಕಂದಾಯ ಗೂಟಕ್ಕೆ ಅಂತ. "ಹಂಗಾದ್ರೆ ಕೊಟ್ಟಿಗೆ ಕಟ್ಟೋ ಮುಂಚೆನೇ ಎಣಿಸ್ಬೇಕಿತ್ತಲ್ಲಪ್ಪ" ಅಂದ. ಹೌದು, ಎಣಿಸ್ಬೇಕಿತ್ತು. ನಿಮ್ಮ ಕೊಟ್ಟಿಗೆ ಕಟ್ಟಿಯಾಗಿದ್ದರೆ, ನಾಳೆ ಬೆಳಿಗ್ಗೆಯಾದರೂ ಒಂದು ಸಲ ಎಣಿಸಿ ನೋಡಿ.